ಮನೆಗೆ ಮಾತ್ರ ಫ್ರೀ

ಚಿಕ್ಕಬಾಣಾವರದ ನಮ್ಮ ಮನೆಗೆ ಹೊಸಬರು ಯಾರೇ ಬಂದರೂ ದೊಡ್ಡಪ್ಪ ಮನೆಯವರನ್ನೆಲ್ಲ ಒಬ್ಬೊಬ್ಬರಾಗಿ ಪರಿಚಯ ಮಾಡಿಕೊಡುತ್ತಿದ್ದರು. ಇವನು ನನ್ನ ತಮ್ಮ, ಯಶವಂತಪುರದಲ್ಲಿ ಫ್ಯಾಕ್ಟರಿ ಕೆಲಸ. ಇವಳು ತಮ್ಮನ ಹೆಂಡತಿ, ಬ್ಲೌಸ್ ಚೆನ್ನಾಗಿ ಹೊಲೀತಾಳೆ. ಇವಳು ಅವರ ಮಗಳು ಶೋಭ; ಅದು ನಾನು. ಇವನು ನನ್ನ ಮಗ ಕಿರಣ, ಕಾನ್ವೆಂಟಲ್ಲಿ ಓದ್ತಾನೆ. ಕೊನೆಗೆ, ಕಾಫಿ ಲೋಟಗಳ ತಟ್ಟೆ ಹಿಡಿದು ಬಂದ ಗೌರತ್ತೆಯ ಕಡೆಗೆ ಗದ್ದ ಎತ್ತಿ ತೋರಿಸುತ್ತಿದ್ದರು:

“ಇವ್ಳು ನನ್ ತಂಗಿ. ಮನೇಲೇ ಫ್ರೀ ಆಗಿದಾಳೆ.”

ಆ ಕಾಫಿಗೆ ಹಾಲು ಕರೆದವಳು ಅವಳು. ಹಾಲು ಕರೆಯುವ ಮುಂಚೆ ಕೊಟ್ಟಿಗೆ ಬಾಚಿ, ಸಗಣಿ ಹೊತ್ತು ತಿಪ್ಪೆಗೆ ಸುರಿದು ಬಂದವಳು ಅವಳು. ಬಚ್ಚಲ ಹಂಡೆಗೆ ಉರಿ ಹಾಕಿ, ಡೈರಿಗೆ ಹಾಲು ಕೊಟ್ಟು, ಹಾಸಿಗೆ ಹಿಡಿದ ಅಜ್ಜಿಯನ್ನು ಎತ್ತಿ ಬಚ್ಚಲಿಗೆ ಕರೆದೊಯ್ದು, ನಮ್ಮ ಡಬ್ಬಿಗಳಿಗೆ ಚಿತ್ರಾನ್ನ ತುಂಬಿ, ಬಾಡಿಗೆ ಕೋಣೆಗಳ ಹುಡುಗರಿಗೆ ಮೋಟಾರ್ ಹಾಕಿ ನೀರು ಬಿಟ್ಟವಳು ಅವಳು. ಬಂದವರು ಕುಡಿದಿಟ್ಟ ಲೋಟ ತೊಳೆಯುವವಳೂ ಅವಳೇ. ಅವಳು ತಂದ ಕಾಫಿ ಕುಡಿಯುತ್ತ ಕೂತ ಜನವೇ ‘ಹೌದಾ, ಫ್ರೀ ಆಗಿದಾರಾ’ ಎಂದು ಅವಳ ಕಡೆ ಕನಿಕರದ ಕಣ್ಣು ಹಾಯಿಸುತ್ತಿದ್ದರು.

ನಮ್ಮದು ಉದ್ದನೆಯ ಮನೆ. ಬೀದಿಗೆ ಜಗಲಿ, ಜಗಲಿಯ ಪಕ್ಕ ಬಾಡಿಗೆಗೆ ಕೊಟ್ಟ ಕೋಣೆಗಳು, ಒಳಗೆ ನಡುಮನೆ, ಹಿಂದೆ ಹೊಗೆ ಹಿಡಿದ ಅಡುಗೆಮನೆ, ಅದರಾಚೆ ಕೊಟ್ಟಿಗೆ. ರೈಲು ಹೋದಾಗಲೆಲ್ಲ ಅಡುಗೆಮನೆಯ ಸ್ಟ್ಯಾಂಡಿನಲ್ಲಿ ತಟ್ಟೆಗಳು ಸಣ್ಣಗೆ ನಡುಗುತ್ತಿದ್ದವು. ದೊಡ್ಡಪ್ಪ-ದೊಡ್ಡಮ್ಮನಿಗೆ ಒಂದು ರೂಮು, ನಮಗೊಂದು, ಕಿರಣನಿಗೆ ಓದಲು ಒಂದು. ಗೌರತ್ತೆಗೆ ರೂಮಿರಲಿಲ್ಲ. ನಡುಮನೆಯಲ್ಲಿ ಅಜ್ಜಿಯ ಮಂಚದ ಕೆಳಗೆ, ರಾಗಿ ಮೂಟೆಗಳಿಗೆ ಬೆನ್ನು ಕೊಟ್ಟು ಚಾಪೆ ಹಾಸಿಕೊಳ್ಳುತ್ತಿದ್ದಳು. ಊಟಕ್ಕೂ ಅಷ್ಟೇ. ಎಲ್ಲರದ್ದೂ ಆದ ಮೇಲೆ ಪಾತ್ರೆಯ ತಳ ಕೆರೆದು, ಉಳಿದ ಅರ್ಧ ಮುದ್ದೆಗೆ ಉಳಿದ ಸಾರು ಸುರಿದುಕೊಂಡು ಒಲೆಯ ಮುಂದೆ ಕೂತು ತಿನ್ನುತ್ತಿದ್ದಳು. ಅವಳು ಮಾಡುತ್ತಿದ್ದ ಬಸ್ಸಾರಿನ ವಾಸನೆಗೆ ಬೀದಿಯ ಜನ ತಿರುಗಿ ನೋಡುತ್ತಿದ್ದರು. ಅದರಲ್ಲಿ ಬೆಂದ ಸೊಪ್ಪಿನ ಪಲ್ಯ ಅವಳ ಪಾಲಿಗೆ ಉಳಿದದ್ದು ನನಗೆ ನೆನಪಿಲ್ಲ.

ಆ ಇಂಗ್ಲಿಷ್ ಪದವನ್ನು ಮನೆಗೆ ತಂದವರು ದೊಡ್ಡಪ್ಪನೇ ಇರಬೇಕು. ರಾಗಿ ಹೊಲ, ದ್ರಾಕ್ಷಿ ತೋಟ ಮಾಡಿಕೊಂಡಿದ್ದವರು, ಹೆಸರಘಟ್ಟ ರಸ್ತೆಯಲ್ಲಿ ಕಾಲೇಜುಗಳು ಏಳುತ್ತಿದ್ದಂತೆ ಹೊಲವನ್ನು ಲೇಔಟ್ ಮಾಡಿ ಸೈಟು ಮಾರತೊಡಗಿದ್ದರು. ‘ಕಾರ್ನರ್ ಸೈಟ್ ತಗೊಳ್ಳಿ ಸಾರ್, ನೀರಿನ ಕನೆಕ್ಷನ್ ಫ್ರೀ’ ಎಂದು ಜಗಲಿಯಲ್ಲಿ ಕೂತು ಹೇಳಿ ಹೇಳಿ ಆ ಪದ ಒಳಗೂ ಬಂತು. ಅಜ್ಜಿಗೆ ಅದು ಹೊಟ್ಟೆಯ ಸಮಾಚಾರ. ‘ಇವತ್ತೂ ಒಟ್ಟೆ ಫ್ರೀ ಆಗ್ನಿಲ್ಲ ಕಣವ್ವ’ ಎಂದು ಬೆಳಿಗ್ಗೆ ಎದ್ದವಳೇ ನರಳುತ್ತಿದ್ದಳು. ಅಪ್ಪನ ಸ್ಕೂಟರಿನ ನಟ್ಟು ಸಡಿಲವಾದರೆ ‘ಫ್ರೀ ಆಗೈತೆ’, ಹಿಡಿದುಕೊಂಡಿದ್ದ ಬ್ರೇಕು ಸರಿಹೋದರೂ ‘ಫ್ರೀ ಆಯ್ತು’. ಕೆಟ್ಟದ್ದಕ್ಕೂ ಅದೇ, ರಿಪೇರಿಯಾದದ್ದಕ್ಕೂ ಅದೇ. ದೊಡ್ಡಮ್ಮ ತರುತ್ತಿದ್ದ ಸೋಪಿನ ಪುಡಿಗೆ ಪ್ಲಾಸ್ಟಿಕ್ ಮಗ್ಗು ಫ್ರೀ. ಮೇಷ್ಟ್ರು ಬಾರದಿದ್ದರೆ ನಮಗೆ ಫ್ರೀ ಪೀರಿಯಡ್. ಗಂಡಸು ಎಲ್ಲರ ಜೊತೆ ನಗುತ್ತ ಮಾತಾಡಿದರೆ ‘ಫ್ರೀ ಟೈಪು, ಒಳ್ಳೇ ಮನುಷ್ಯ’; ಹೆಂಗಸು ಹಾಗೆ ಮಾತಾಡಿದರೆ ‘ಯಾಕೋ ಸ್ವಲ್ಪ ಜಾಸ್ತೀನೇ ಫ್ರೀ’, ಅಷ್ಟು ಹೇಳಿ ಬಾಯಿಗೆ ಸೆರಗು. ಶಾಲೆಯಲ್ಲಿ ಇಂಗ್ಲಿಷ್ ಟೀಚರು ಬೋರ್ಡಿನ ಮೇಲೆ ಆ ಪದ ಬರೆದು ಅದರ ಮುಂದೆ ‘ಸ್ವತಂತ್ರ’ ಎಂದು ಬರೆದ ದಿನ ನಾನು ನಂಬಲಿಲ್ಲ. ಟೀಚರು ತಪ್ಪು ಬರೆದಿದ್ದಾರೆ ಅಂದುಕೊಂಡೆ. ನಮ್ಮ ಮನೆಯಲ್ಲಿ ಆ ಅರ್ಥದಲ್ಲಿ ಅದನ್ನು ಯಾರೂ ಆಡಿದ್ದು ನಾನು ಕೇಳಿರಲಿಲ್ಲ.

ಗೌರತ್ತೆಯನ್ನು ದೊಡ್ಡಬಳ್ಳಾಪುರದ ಕಡೆಗೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲ ಎಂದು ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ. ನಾನು ಆಗ ತೀರ ಚಿಕ್ಕವಳು. ಎರಡೂ ಕಡೆಯ ಹಿರಿಯರು ನಮ್ಮ ನಡುಮನೆಯಲ್ಲಿ ಕೂತು ಮಾತಾಡಿದ್ದನ್ನು ಅಜ್ಜಿ ಆಮೇಲೆ ಹೇಳಿದಳು. ಅಷ್ಟೊಂದು ಜನರಲ್ಲಿ ಒಬ್ಬರೂ ‘ನಿನಗೇನು ಬೇಕಮ್ಮ’ ಎಂದು ಗೌರತ್ತೆಯನ್ನು ಕೇಳಲಿಲ್ಲವಂತೆ. ಕೇಳಬೇಕಾದರೆ ಅಡುಗೆಮನೆಗೆ ಹೋಗಬೇಕಿತ್ತು. ಅವಳು ಅಲ್ಲಿ ಆ ಹಿರಿಯರಿಗೇ ಅಡುಗೆ ಮಾಡುತ್ತಿದ್ದಳು. ಮಾತು ಮುಗಿದ ಮೇಲೆ ದೊಡ್ಡಪ್ಪ ಒಳಗೆ ಬಂದು, ಏನೋ ಗೆದ್ದು ತಂದವರ ಹಾಗೆ, ‘ಇನ್ಮೇಲೆ ಅವ್ರ ಹಂಗು ನಿಂಗಿಲ್ಲ. ನೀನು ಫ್ರೀ ಕಣಮ್ಮ’ ಎಂದು ಹೇಳಿ, ಎಲೆ ಹಾಕಲು ಹೇಳಿದರು.

ನಾನು ಹೈಸ್ಕೂಲಿಗೆ ಸೇರಿದ ವರ್ಷ ಮುಂದಿನ ಕೋಣೆಗೆ ಸುಶೀಲ ಮೇಡಂ ಬಾಡಿಗೆಗೆ ಬಂದರು. ಸೋಲದೇವನಹಳ್ಳಿಯ ಒಂದು ನರ್ಸಿಂಗ್ ಕಾಲೇಜಿನಲ್ಲಿ ಹುಡುಗಿಯರ ಹಾಸ್ಟೆಲ್ ನೋಡಿಕೊಳ್ಳುತ್ತಿದ್ದರು. ಒಂಟಿ ಹೆಂಗಸು, ಜೋರು ದನಿ. ಗೌರತ್ತೆ ಆಗಾಗ ಅವರಿಗೆ ಒಂದು ಬಟ್ಟಲು ಸಾರು ಕೊಟ್ಟು ಬರುತ್ತಿದ್ದಳು. ಒಂದು ಭಾನುವಾರ ನಾವಿಬ್ಬರೂ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಾಗ ಮೇಡಂ ಬಟ್ಟಲು ವಾಪಸ್ ಕೊಡಲು ಬಂದವರು ಅಲ್ಲೇ ಕೂತರು.

“ಗೌರಮ್ಮೋರೆ, ನಮ್ ಹಾಸ್ಟೆಲ್ ಅಡುಗೆಯವ್ರು ಬಿಟ್ಟು ಹೋದ್ರು. ಹುಡುಗೀರು ನೀರುಸಾರು ತಿಂದು ಸೊರಗಿ ಹೋಗಿದಾರೆ. ನೀವು ಬರ್ತೀರಾ? ಸಂಬಳ ಕೊಡ್ತಾರೆ, ಇರೋಕೊಂದು ರೂಮು, ವಾರಕ್ಕೊಂದಿನ ರಜ.”

ಗೌರತ್ತೆಯ ಕೈ ನಿಂತಿತು. ಸಂಬಳ ಎಷ್ಟು ಅಂತ ಅವಳು ಕೇಳಲಿಲ್ಲ.

“ರಜ ಅಂದ್ರೆ ಅವತ್ತು ಏನ್ ಮಾಡ್ಬೇಕು ಮೇಡಂ?”

“ಏನೂ ಮಾಡ್ಬೇಡಿ ಕಣ್ರೀ. ಅದಕ್ಕೇ ರಜ ಅನ್ನೋದು.”

ಅತ್ತೆ ನನ್ನ ಮುಖ ನೋಡಿದಳು. ಯಾರೋ ತಮಾಷೆ ಮಾಡುತ್ತಿದ್ದಾರೋ ನಿಜ ಹೇಳುತ್ತಿದ್ದಾರೋ ಎಂದು ತಿಳಿಯದೆ ಮಕ್ಕಳು ನೋಡುತ್ತಾರಲ್ಲ, ಹಾಗೆ. ಮೂರನೆಯ ದಿನ ರಾತ್ರಿ ಊಟಕ್ಕೆ ಬಡಿಸುತ್ತ, ದೊಡ್ಡಪ್ಪನ ತಟ್ಟೆಗೆ ಎರಡನೆಯ ಮುದ್ದೆ ಇಟ್ಟು, ಅಲ್ಲೇ ನಿಂತುಕೊಂಡಳು.

“ಅಣ್ಣ, ಸೋಲದೇವನಹಳ್ಳಿ ಹಾಸ್ಟೆಲ್‌ನಾಗೆ ಅಡುಗೆ ಕೆಲ್ಸ ಐತಂತೆ. ಓಗನಾ ಅಂತಿದೀನಿ.”

“ಯಾರು?”

“ನಾನೇ.”

ದೊಡ್ಡಪ್ಪ ನಕ್ಕರು. ಮುದ್ದೆ ಮುರಿದು ಸಾರಿಗೆ ಅದ್ದಿದರು.

“ಸುಮ್ನಿರು ಅತ್ಲಾಗೆ. ನಮ್ಮನೆ ಹೆಣ್ಮಗಳು ಕಂಡೋರ ಮಕ್ಳಿಗೆ ಅನ್ನ ಬೇಯ್ಸೋದಾ? ಊರಾಗೆ ನನ್ ಮರ್ಯಾದೆ ಏನಾಗ್ಬೇಕು? ಇಲ್ಲಿ ಏನ್ ಕಮ್ಮಿ ಆಗೈತೆ ನಿಂಗೆ? ಊಟ ಫ್ರೀ, ಬಟ್ಟೆ ಫ್ರೀ, ಇರಾಕೆ ಮನೆ ಫ್ರೀ.”

“ಬಂದೋರಿಗೆಲ್ಲ ನಾನು ಫ್ರೀ ಆಗಿದೀನಿ ಅಂತ ನೀನೇ ಯೋಳ್ತೀಯ. ಫ್ರೀ ಆಗಿರೋಳು ಕೆಲ್ಸಕ್ಕೆ ಓಗ್ಬಾರ್ದಾ?”

“ಮನೆಗೆ ಫ್ರೀ ಇದೀಯ ಅಂದ್ರೆ ಊರಿಗೆಲ್ಲ ಫ್ರೀ ಅಂತಲ್ಲ!” ದೊಡ್ಡಪ್ಪನ ದನಿ ಏರಿತು.

ದೊಡ್ಡಮ್ಮ ಪಕ್ಕದಿಂದ ಸೇರಿಸಿದಳು: “ಮೊದ್ಲೇ ಡೈರಿಯೋನ ಜತೆ, ಬಾಡಿಗೆ ಹುಡುಗ್ರ ಜತೆ, ಎಲ್ರ ಜತೇನೂ ಫ್ರೀ. ಇನ್ನು ಬಸ್ ಹತ್ತಿ ಓಡಾಡ್ಬಿಟ್ರೆ ಮುಗೀತು.”

ಗೌರತ್ತೆ ಅಪ್ಪನ ಕಡೆ ನೋಡಿದಳು. ನಾನೂ ನೋಡಿದೆ. ಅಪ್ಪ ಅವಳಿಗಿಂತ ಚಿಕ್ಕವನು. ಅವಳ ಸೊಂಟದ ಮೇಲೆ ಬೆಳೆದವನು ಎಂದು ಅಜ್ಜಿ ಹೇಳುತ್ತಿದ್ದಳು. ಅಪ್ಪ ತಟ್ಟೆಯಿಂದ ತಲೆ ಎತ್ತದೆ, “ಅಣ್ಣ ಯೋಳಾದು ಸರಿಯಾಗೇ ಐತಲ್ಲ ಗೌರಕ್ಕ” ಅಂದ. ದೊಡ್ಡಪ್ಪನ ಮೇಲೆ ನನಗೆ ಬಂದ ಸಿಟ್ಟು ಒಂದು ತೂಕವಾದರೆ ಅಪ್ಪನ ಮೇಲೆ ಬಂದದ್ದು ಅದಕ್ಕಿಂತ ಹೆಚ್ಚು. ದೊಡ್ಡಪ್ಪನಿಗೆ ತಾನು ಆಡಿದ್ದರಲ್ಲಿ ನಂಬಿಕೆಯಾದರೂ ಇತ್ತು. ಅಪ್ಪನಿಗೆ ಅಕ್ಕನ ಕಷ್ಟ ಗೊತ್ತಿತ್ತು, ಗೊತ್ತಿದ್ದೂ ಸಾರು ಸುರಿದುಕೊಂಡ.

ಮರುದಿನ ಹಸುಗಳ ಕೂಗಿಗೆ ನಮಗೆ ಎಚ್ಚರವಾಯಿತು. ಗೌರತ್ತೆ ಬೇಗ ಎದ್ದು ಅಜ್ಜಿಯನ್ನು ಬಚ್ಚಲಿಗೆ ಕರೆದೊಯ್ದು, ಮಾತ್ರೆ ನುಂಗಿಸಿ, ತಲೆ ಬಾಚಿದ್ದಳು. ಅದೊಂದನ್ನು ಅವಳು ಬಿಡಲಿಲ್ಲ. ಆಮೇಲೆ ತಾನು ತಲೆಗೆ ಸ್ನಾನ ಮಾಡಿ, ಒದ್ದೆ ಕೂದಲನ್ನು ಬೆನ್ನ ಮೇಲೆ ಹರವಿಕೊಂಡು ಬೀದಿಯ ಜಗಲಿಯಲ್ಲಿ ಬಿಸಿಲಿಗೆ ಕೂತಿದ್ದಳು. ದೊಡ್ಡಪ್ಪ ಹಲ್ಲುಜ್ಜುತ್ತ ಹೊರಗೆ ಬಂದರು.

“ಏನೇ ಇದು? ಹಾಲು ಕರೀಲಿಲ್ವಾ?”

“ಇಲ್ಲ ಅಣ್ಣ. ಇವತ್ತು ನಾನು ಫ್ರೀ.”

ಆ ದಿನ ನಮ್ಮ ಮನೆಯಲ್ಲಿ ಏನೇನಾಯಿತು ಎಂದು ನೆನೆದರೆ ಈಗ ನಗು ಬರುತ್ತದೆ, ಆಗ ಹೆದರಿಕೆಯಾಗಿತ್ತು. ದೊಡ್ಡಪ್ಪ ತಾವೇ ಚೊಂಬು ಹಿಡಿದು ಕೊಟ್ಟಿಗೆಗೆ ಹೋದರು. ಹಸು ಒದ್ದು ಪಂಚೆಯ ಮೇಲೆಲ್ಲ ಸಗಣಿ. ಬಾಡಿಗೆ ಹುಡುಗರು ಬಕೆಟ್ ಹಿಡಿದು ‘ಆಂಟಿ, ನೀರು’ ಎಂದು ಬಂದರೆ ಅತ್ತೆ ‘ಒಳಗೆ ಕೇಳ್ರಪ್ಪ’ ಅಂದಳು. ಒಳಗೆ ಮೋಟಾರಿನ ಯಾವ ಸ್ವಿಚ್ಚು ಹಾಕಿ ಯಾವ ವಾಲ್ವು ತಿರುಗಿಸಬೇಕೋ ಯಾರಿಗೂ ತಿಳಿಯದೆ ಸಂಪು ತುಂಬಿ ಅಂಗಳಕ್ಕೆ ಹರಿಯಿತು. ಅಮ್ಮ ಹೊಲಿಗೆ ಮೆಶಿನ್ ಮುಚ್ಚಿ ಒಲೆಯ ಮುಂದೆ ಕೂತಳು. ದೊಡ್ಡಮ್ಮ ತಿರುವಿದ ಮುದ್ದೆಯಲ್ಲಿ ಹಸಿ ಹಿಟ್ಟಿನ ಗಂಟು. ಅಷ್ಟೆಲ್ಲ ಆಗುತ್ತಿದ್ದರೂ ದೊಡ್ಡಮ್ಮನಿಗೆ ಕಂಡದ್ದು ಒಂದೇ: “ನೋಡು, ಕೂದ್ಲು ಫ್ರೀ ಬಿಟ್ಕೊಂಡು ಬೀದಿ ಬಾಗಿಲಲ್ಲಿ ಹೆಂಗೆ ಕೂತವ್ಳೆ!” ಗೌರತ್ತೆ ಕೇಳಿಸಿಕೊಂಡಳು. ಕೂದಲನ್ನು ಇನ್ನೊಂದು ಕಡೆಗೆ ತಿರುವಿ ಹಾಕಿದಳು, ಆ ಕಡೆಯೂ ಒಣಗಲಿ ಎಂದು.

ಸಂಜೆ ದೊಡ್ಡಪ್ಪ ನಡುಮನೆಯಲ್ಲಿ ನಿಂತು ಕೂಗಾಡಿದರು. ಬೀದಿಗೆಲ್ಲ ಕೇಳುವಂತೆ.

“ಓಗೋದಾದ್ರೆ ಓಗು! ಆದ್ರೆ ಓದೋಳು ಮತ್ತೆ ಈ ಹೊಸ್ಲು ತುಳೀಬ್ಯಾಡ!”

ಅವಳು ಹೆದರಿ ಕಾಲಿಗೆ ಬೀಳುತ್ತಾಳೆ ಎಂದು ಅವರು ಅಂದುಕೊಂಡಿದ್ದು ಮುಖದಲ್ಲೇ ಕಾಣುತ್ತಿತ್ತು. ಗೌರತ್ತೆ ರಾಗಿ ಮೂಟೆಗಳ ಹಿಂದಿನಿಂದ ತನ್ನ ತಗಡಿನ ಪೆಟ್ಟಿಗೆ ಎಳೆದಳು. ಅಜ್ಜಿ ಮಂಚದ ಮೇಲಿಂದ ಅಳಲು ಶುರು ಮಾಡಿದಳು.

“ನನ್ನ ಯಾರವ್ವ ನೋಡ್ಕೊಳ್ಳೋರು?”

“ಇಬ್ರು ಗಂಡುಮಕ್ಳು ಅವ್ರೆ ಕಣವ್ವ ನಿಂಗೆ. ನೋಡ್ಕೊಂತಾರೆ,” ಅಂದಳು ಗೌರತ್ತೆ. ಹಾಗೆ ಹೇಳುವಾಗ ಅವಳ ಕೈ ಅಜ್ಜಿಯ ಕಾಲು ಒತ್ತುತ್ತಿತ್ತು, ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಬೆಳಿಗ್ಗೆ ಅವಳನ್ನು ಕಳಿಸಲು ಬಸ್ ಸ್ಟಾಪಿಗೆ ಬಂದವರು ಅಮ್ಮ ಮತ್ತು ನಾನು, ಇಬ್ಬರೇ. ಸುಶೀಲ ಮೇಡಂ ಅಲ್ಲಿ ಕಾಯುತ್ತಿದ್ದರು. ಅಮ್ಮ ಅವಳ ಕೈಗೆ ಉಪ್ಪಿನಕಾಯಿ ಜಾಡಿ ಕೊಟ್ಟು ಹೇಳಿದಳು:

“ಗೌರಕ್ಕ, ಅಲ್ಲೂ ಎಲ್ರಿಗೂ ಬಡ್ಸಿ ಕೊನೇಲಿ ತಳ ಕೆರ್ಕೊಂಡು ತಿನ್ಬೇಡಿ. ಮೊದ್ಲೇ ನಿಮ್ದು ಎತ್ತಿಟ್ಕೊಳ್ಳಿ.”

ಇಲ್ಲಿಗೆ ಕತೆ ಸುಖವಾಗಿ ಮುಗಿಯಿತು ಎಂದು ಬರೆಯಬಹುದಿತ್ತು. ಆದರೆ ನಮ್ಮ ಮನೆಯವರು ಯಾರು! ಅವರು ಅಡುಗೆಯವರನ್ನು ಇಡಲಿಲ್ಲ, ಹಸು ಮಾರಲಿಲ್ಲ. ಆ ಪದವನ್ನು ತೆಗೆದು ಅಮ್ಮನ ಮೇಲೆ ಹಾಕಿದರು. ‘ಹೊಲಿಗೆ ಏನ್ ಮಹಾ, ಮನೇಲಿ ಫ್ರೀ ಆಗೇ ಇದಾಳಲ್ಲ.’ ಅಮ್ಮನ ಮೆಶಿನ್ ಮೇಲೆ ಹಳೇ ದುಪ್ಪಟಿ ಬಿತ್ತು, ಅದರ ಮೇಲೆ ಒಗೆದ ಬಟ್ಟೆಯ ರಾಶಿ ಬಿತ್ತು. ಬ್ಲೌಸ್ ಕೊಟ್ಟಿದ್ದವರು ಬಂದು ಬಂದು ಬಟ್ಟೆ ವಾಪಸ್ ತೆಗೆದುಕೊಂಡು ಹೋದರು. ಗೌರತ್ತೆಯನ್ನು ಅಷ್ಟು ಪ್ರೀತಿಯಿಂದ ಕಳಿಸಿದ ಅಮ್ಮನೇ ಆಮೇಲೆ ಅವಳ ಹೆಸರೆತ್ತಿದರೆ ಸಿಡುಕುತ್ತಿದ್ದಳು. ‘ಅವಳು ಹೋದ್ಳು. ಸಿಕ್ಕಾಕ್ಕೊಂಡಿದ್ದು ನಾನು.’ ಅವಳ ಸಿಟ್ಟು ತಪ್ಪು ವಿಳಾಸಕ್ಕೆ ಹೋಗುತ್ತಿದೆ ಎಂದು ನನಗೆ ಅನ್ನಿಸುತ್ತಿತ್ತು. ಹೇಳಿದರೆ ನನಗೂ ಬೀಳುತ್ತಿತ್ತು. ಕೊನೆಗೆ ಅಮ್ಮ ಜ್ವರದಲ್ಲಿ ಕೊಟ್ಟಿಗೆಯಲ್ಲೇ ಬಿದ್ದ ದಿನ ಅಪ್ಪ ಮೊದಲ ಸಲ ಅಣ್ಣನ ಮುಂದೆ ತಲೆ ಎತ್ತಿದ. ನಾವು ಬೇರೆಯಾಗಿ ಯಲಹಂಕದ ಎರಡು ಕೋಣೆಯ ಬಾಡಿಗೆ ಮನೆಗೆ ಬಂದೆವು. ಅಕ್ಕನ ಪರವಾಗಿ ಅಂದು ಒಂದು ಮಾತು ಆಡಿದ್ದರೆ ಸಾಕಿತ್ತು. ಹೆಂಡತಿ ಬಿದ್ದ ಮೇಲೆ ಬಂತು ಅಪ್ಪನಿಗೆ ದನಿ.

ನಾನು ರಜೆಯ ದಿನ ನೋಡಿ ಗೌರತ್ತೆಯ ಹತ್ತಿರ ಹೋಗುತ್ತಿದ್ದೆ. ಹಾಸ್ಟೆಲಿನ ಹಿಂದಿನ ರೂಮು, ಒಂದು ಮಂಚ, ಕಿಟಕಿಗೆ ಅವಳೇ ಕಟ್ಟಿದ ಹಳೇ ಸೀರೆಯ ಪರದೆ. ಮೊದಮೊದಲು ರಜೆಯ ದಿನವೂ ಅಡುಗೆಮನೆಗೆ ಹೋಗಿ ಬೈಸಿಕೊಂಡು ಬರುತ್ತಿದ್ದಳಂತೆ. ಆಮೇಲೆ ಬಸ್ ಹತ್ತುವುದು ಕಲಿತಳು. ಹೆಬ್ಬಾಳದವರೆಗೆ ಹೋಗಿ, ಕೆರೆಯ ಹತ್ತಿರ ನಿಂತು, ಕಡಲೆಕಾಯಿ ತಿಂದು, ಬಂದ ದಾರಿಯಲ್ಲೇ ವಾಪಸ್. ‘ಅಲ್ಲಿ ಏನ್ ನೋಡ್ತೀಯತ್ತೆ?’ ಎಂದರೆ ‘ಏನೂ ಇಲ್ಲ, ಸುಮ್ನೆ’ ಅನ್ನುತ್ತಿದ್ದಳು. ಆ ‘ಸುಮ್ನೆ’ ಅನ್ನುವಾಗ ಅವಳ ಮುಖದಲ್ಲಿದ್ದ ಠೀವಿ ನಮ್ಮ ದೊಡ್ಡಪ್ಪನಿಗೆ ಯಾವ ಕಾರ್ನರ್ ಸೈಟು ಮಾರಿದಾಗಲೂ ಬಂದಿರಲಿಲ್ಲ.

ಅಜ್ಜಿ ತೀರಿಕೊಂಡಾಗ ದೊಡ್ಡಪ್ಪನ ಮನೆಯಿಂದಲೇ ಫೋನು ಹೋಯಿತು, ಬಾ ಎಂದು. ಹೊಸ್ತಿಲು ತುಳಿಯಬೇಡ ಅಂದ ಮಾತು ಯಾರಿಗೂ ನೆನಪಿರಲಿಲ್ಲ. ಬಂದವರಿಗೆ ಅಡುಗೆಯಾಗಬೇಕಿತ್ತಲ್ಲ! ಗೌರತ್ತೆ ಬಂದಳು, ಅವ್ವನ ತಲೆಯ ಹತ್ತಿರ ಕೂತಳು, ಮಣ್ಣು ಮಾಡುವವರೆಗೂ ಎದ್ದೇಳಲಿಲ್ಲ, ಸಂಜೆ ಹೊರಟು ಹೋದಳು. ‘ಒಂದು ಸೌಟು ಹಿಡೀಲಿಲ್ಲ ನೋಡು’ ಎಂದು ದೊಡ್ಡಮ್ಮ ವರ್ಷಗಟ್ಟಲೆ ಹೇಳಿಕೊಂಡು ತಿರುಗಿದಳು. ಹೆತ್ತ ತಾಯಿ ಸತ್ತ ದಿನ ಸೌಟು ಹಿಡಿಯಬೇಕಿತ್ತಂತೆ.

ನಾನು ಟೀಚರಾದೆ. ಜಗಳಗಂಟಿ ಟೀಚರು ಎಂದು ಹೆಸರಿದೆ. ಸ್ಟಾಫ್ ರೂಮಿನಲ್ಲಿ ‘ಮದುವೆಯಾಗದವರು, ಮಕ್ಕಳಿಲ್ಲದವರು ಫ್ರೀ ಇರ್ತಾರಲ್ಲ, ಈ ಡ್ಯೂಟಿ ಅವರಿಗೇ ಹಾಕಿ’ ಎಂದು ಯಾರಾದರೂ ಶುರು ಮಾಡಿದರೆ ನಾನು ಎದ್ದು ನಿಲ್ಲುತ್ತೇನೆ. ನನಗೆ ಗಂಡನೂ ಇದ್ದಾನೆ, ಮಗಳೂ ಇದ್ದಾಳೆ. ಆ ಡ್ಯೂಟಿ ನನಗೆ ಬೀಳುವುದೂ ಇಲ್ಲ. ಆದರೂ ಎದ್ದು ನಿಲ್ಲುತ್ತೇನೆ. ನನ್ನ ಸ್ವಭಾವ ಯಾರಿಂದ ಬಂತು ಎಂದು ಗಂಡ ಕೇಳುತ್ತಾನೆ. ಅದು ಬಂದದ್ದು ಒಂದು ಜಗಲಿಯಿಂದ.

ಹೋದ ವರ್ಷದ ಮಾತು. ಗೌರತ್ತೆ ಕೆಲಸ ಬಿಟ್ಟು ಸೋಲದೇವನಹಳ್ಳಿಯಲ್ಲೇ ಒಂದು ಸಣ್ಣ ಮನೆಯಲ್ಲಿದ್ದಾಳೆ. ನಾನು ಅಲ್ಲಿದ್ದಾಗಲೇ ಕಿರಣನ ಫೋನು ಬಂತು. ದೊಡ್ಡಮ್ಮ ತೀರಿಹೋದ ಮೇಲೆ ಒಂಟಿಯಾಗಿದ್ದ ದೊಡ್ಡಪ್ಪನಿಗೆ ಲಕ್ವ ಹೊಡೆದಿದೆ, ಮಾತು ನಿಂತಿದೆ, ನೋಡಿಕೊಳ್ಳಲು ಇಟ್ಟ ನರ್ಸುಗಳು ನಿಲ್ಲುತ್ತಿಲ್ಲ.

“ಅತ್ತೆ, ನೀವೂ ಒಬ್ರೇ, ಫ್ರೀ ಇದೀರ. ಬಂದು ಇಲ್ಲೇ ಇದ್ಬಿಡಿ. ಅಪ್ಪಂಗೂ ಜೊತೆ ಆಗುತ್ತೆ.”

ನಾನು ಫೋನು ಕಿತ್ತುಕೊಳ್ಳಲು ಕೈ ಚಾಚಿದೆ. ಅತ್ತೆ ಕೊಡಲಿಲ್ಲ.

“ನೋಡಾಕೆ ಬರ್ತೀನಪ್ಪ. ಇರಾಕೆ ಬರಾಕಿಲ್ಲ.”

ಭಾನುವಾರ ಇಬ್ಬರೂ ಹೋದೆವು. ಹಳೇ ಮನೆಯ ಜಾಗದಲ್ಲಿ ಈಗ ನಾಲ್ಕು ಅಂತಸ್ತಿನ ಕಟ್ಟಡ, ಲಿಫ್ಟು. ದೊಡ್ಡಪ್ಪ ಮಂಚದ ಮೇಲೆ ಅರ್ಧ ಒರಗಿದ್ದರು, ಬಾಯಿ ಒಂದು ಕಡೆಗೆ ಎಳೆದಿತ್ತು. ತಂಗಿಯನ್ನು ಕಂಡು ಏನೋ ಹೇಳಲು ಹೋದರು. ಮಾತಾಗಲಿಲ್ಲ, ಜೊಲ್ಲು ಇಳಿಯಿತು. ಗೌರತ್ತೆ ಸೆರಗಿನಿಂದ ಒರೆಸಿ ಪಕ್ಕದಲ್ಲಿ ಕೂತಳು. ಕಿರಣ ಗಂಜಿಯ ಬಟ್ಟಲು ತಂದು ಅವಳ ಕೈಗೇ ಹಿಡಿಸಿದ.

“ನೀವೇ ತಿನ್ನಿಸ್ಬಿಡಿ ಅತ್ತೆ, ಫ್ರೀ ಇದೀರಲ್ಲ. ನಂಗೊಂದು ಕಾಲ್ ಇದೆ.”

ಬಂದು ಐದು ನಿಮಿಷವಾಗಿರಲಿಲ್ಲ! ಬಟ್ಟಲನ್ನು ಎಸೆಯಬೇಕು ಅನ್ನಿಸಿತು ನನಗೆ. ಗೌರತ್ತೆ ಗಂಜಿಯನ್ನು ಚಮಚದಲ್ಲಿ ತಿರುವಿ, ಊದಿ ಆರಿಸಿ, ಸಣ್ಣ ಸಣ್ಣ ಗುಟುಕಾಗಿ ಅಣ್ಣನಿಗೆ ಕುಡಿಸಿದಳು. ಅವರ ಕಣ್ಣಿಂದ ನೀರು ಬರುತ್ತಿತ್ತು. ಅದು ಪಶ್ಚಾತ್ತಾಪವೋ ರೋಗವೋ ನನಗೆ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳುವ ಮನಸ್ಸೂ ಇರಲಿಲ್ಲ. ಬಟ್ಟಲು ಖಾಲಿಯಾದ ಮೇಲೆ ಅವಳು ಎದ್ದು ಕಿರಣನನ್ನು ಕರೆದಳು.

“ನಿಮ್ಮಪ್ಪಂಗೆ ಬಿಸಿ ಆಗಲ್ಲ, ಆರಿಸಿ ಕೊಡು. ನಾಳೆಯಿಂದ ನೀನು ಕುಡ್ಸು, ಮಗ ಅಲ್ವಾ. ನಾನು ಬರ್ತೀನಿ.”

“ಅಯ್ಯೋ, ಇದ್ದು ಹೋಗಿ ಅತ್ತೆ!”

“ಇಲ್ಲಪ್ಪ.”

ಬಸ್ ಸ್ಟಾಪಿನಲ್ಲಿ ನನಗೆ ತಡೆಯಲಾಗಲಿಲ್ಲ. “ಯಾಕೆ ಕುಡಿಸ್ದೆ? ಅಷ್ಟೆಲ್ಲ ಅನ್ನಿಸ್ಕೊಂಡು, ಅಷ್ಟು ದುಡಿದು, ಮತ್ತೆ ಬಟ್ಟಲು ಕೈಗೆ ಕೊಟ್ರೆ ತಗೊಂಡ್ಬಿಡೋದಾ?”

ಗೌರತ್ತೆ ಬಸ್ಸು ಬರುವ ಕಡೆಗೇ ನೋಡುತ್ತಿದ್ದಳು.

“ಅವ್ನು ನಮ್ಮಣ್ಣ ಕಣೆ ಶೋಭ. ಕುಡಿಸ್ಬೇಕು ಅನ್ನಿಸ್ತು, ಕುಡಿಸ್ದೆ. ಅನ್ನಿಸ್ದೇ ಇದ್ದಿದ್ರೆ ಬಟ್ಲು ಕೆಳಗಿಟ್ಟು ಎದ್ದು ಬರ್ತಿದ್ದೆ. ಯಾರು ಇಡ್ಕೊಂತಿದ್ರು ನನ್ನ?”

ನನ್ನ ಸಿಟ್ಟು ಮಾತ್ರ ಹಾಗೇ ಇತ್ತು. ಬಸ್ಸು ಬಂತು. ಅವಳಿಗೆ ಕಿಟಕಿ ಪಕ್ಕದ ಸೀಟೇ ಬೇಕಿತ್ತು, ‘ಸರ್ಕೋ’ ಎಂದು ನನ್ನನ್ನು ದಾಟಿ ಒಳಗೆ ಹೋಗಿ ಕೂತಳು.